ನೆಲದಡಿಯ ಮಾಡು ಕರಗುತ್ತಿದೆ. ಮೂಗು ಮುಚ್ಚಿಕೊಂಡರೆ ಸಾಲದು

ಹೌಸಿಂಗ್ ಸೊಸೈಟಿಗಳ ವಾರ್ಷಿಕ ಮಹಾಸಭೆಯಲ್ಲಿ ಏನೇನು ಚರ್ಚೆಯಾಗುತ್ತದೆ ಎಂಬುದನ್ನು ಮಹಾನಗರದ ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಲಿಫ್ಟಿನ ದುರಸ್ತಿ, ಟೆರೇಸಿನ ಸೋರಿಕೆ, ಕಟ್ಟಡದ ಬಣ್ಣ, ಪಾರ್ಕಿಂಗ್ ಜಗಳ, ಟ್ಯಾಂಕರ್ ನೀರಿನ ಖರ್ಚು, ಕೊನೆಗೆ ರೀಡೆವಲಪ್‌ಮೆಂಟ್. ಇಷ್ಟರಲ್ಲಿ ಸಭೆ ಮುಗಿದು ಚಹಾ-ತಿಂಡಿ ಬಂದಿರುತ್ತದೆ. ನೆಲದಡಿಯಲ್ಲಿ ಮಲಗಿರುವ ಗಟಾರದ ಪೈಪಿನ ಸ್ಥಿತಿ ಹೇಗಿದೆ ಎಂದು ಎದ್ದು ಕೇಳುವವರು ವಿರಳ. ಕೇಳಿದರೂ ‘ಅದು ಮಹಾನಗರ ಪಾಲಿಕೆಯ ಕೆಲಸ’ ಎಂಬ ಸಿದ್ಧ ಉತ್ತರ ಇದ್ದೇ ಇದೆ. ಗೇಟಿನ ಬಳಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಮೂಗಿಗೆ ಕರವಸ್ತ್ರ ಹಿಡಿದು ದಾಟಿಬಿಡುವುದು ಎಲ್ಲರ ರೂಢಿ. ಒಂದು ದಿನ ರಸ್ತೆಯೇ ಕುಸಿದು ಅದರಲ್ಲಿ ರಿಕ್ಷಾದ ಚಕ್ರ ಸಿಕ್ಕಿಬಿದ್ದಾಗ ಮಾತ್ರ ಎಲ್ಲರಿಗೂ ಎಚ್ಚರವಾಗುತ್ತದೆ.

ಆ ವಾಸನೆ ಬರೀ ಕೊಳಕಿನ ಗುರುತಲ್ಲ. ನೆಲದಡಿಯ ಕಾಂಕ್ರೀಟ್ ಪೈಪನ್ನು ಅದರ ಮಾಡಿನ ಕಡೆಯಿಂದ ಆಮ್ಲ ತಿನ್ನುತ್ತಿರಬಹುದು ಎಂಬುದರ ಮುನ್ಸೂಚನೆ. ಆ ಆಮ್ಲವನ್ನು ತಯಾರಿಸುವುದು ಯಾವುದೋ ಕಾರ್ಖಾನೆಯಲ್ಲ, ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು. ಈ ರೋಗದ ಮೂಲ ಪತ್ತೆಯಾಗಿ ಎಂಬತ್ತು ವರ್ಷ ದಾಟಿದೆ. ಮದ್ದೂ ಗೊತ್ತಿದೆ. ಗೊತ್ತಿದ್ದೂ ಪೈಪುಗಳು ಕರಗುತ್ತಿವೆ ಎಂದಾದರೆ ಅದಕ್ಕೆ ಕಾರಣ ಅಜ್ಞಾನವಲ್ಲ, ಲೆಕ್ಕದ ತಪ್ಪು. ಈ ಲೆಕ್ಕವನ್ನು ಸರಿಪಡಿಸುವಲ್ಲಿ ಹೊರನಾಡಿನ ಕನ್ನಡ ಸಂಘ-ಸಂಸ್ಥೆಗಳ ಸದಸ್ಯರಿಗೂ ಒಂದು ಪಾತ್ರವಿದೆ ಎಂದರೆ ಅತಿಶಯೋಕ್ತಿಯಾಗಲಾರದು.

ಕೆಳಗೆ ಅನಿಲ, ಮೇಲೆ ಆಮ್ಲ

ಗಟಾರದ ಪೈಪು ಸವೆಯುವುದು ಕೊಳಚೆ ನೀರು ಹರಿಯುವ ತಳದಲ್ಲಿ ಎಂದು ಬಹುತೇಕರು ಭಾವಿಸುತ್ತಾರೆ. ನಿಜ ಸಂಗತಿ ಅದಕ್ಕೆ ವಿರುದ್ಧವಾಗಿದೆ. ನೀರು ಮುಟ್ಟುವ ತಳ ಹೆಚ್ಚಾಗಿ ಗಟ್ಟಿಯಾಗಿಯೇ ಉಳಿಯುತ್ತದೆ. ನೀರು ಮುಟ್ಟದ ಮೇಲ್ಭಾಗ, ಅಂದರೆ ಪೈಪಿನ ಮಾಡು, ಹಿಟ್ಟಿನ ಮುದ್ದೆಯಂತಾಗಿ ಉದುರುತ್ತದೆ.

ಇದರ ಕತೆ ಎರಡು ಅಂಕಗಳ ನಾಟಕದಂತಿದೆ. ಮೊದಲ ಅಂಕ ನಡೆಯುವುದು ನೀರಿನೊಳಗೆ. ಪೈಪಿನ ತಳದಲ್ಲಿ ಕಾಲಕ್ರಮೇಣ ಲೋಳೆಯ ಪದರ ಬೆಳೆಯುತ್ತದೆ. ಅದರ ಒಳಪದರಕ್ಕೆ ಆಮ್ಲಜನಕ ತಲುಪುವುದಿಲ್ಲ. ಅಲ್ಲಿ ಬದುಕುವ ಒಂದು ಜಾತಿಯ ಬ್ಯಾಕ್ಟೀರಿಯಾಗಳು ಆಮ್ಲಜನಕದ ಬದಲು ಕೊಳಚೆ ನೀರಿನಲ್ಲಿ ಕರಗಿರುವ ಸಲ್ಫೇಟನ್ನು ಉಪಯೋಗಿಸಿ ಉಸಿರಾಡುತ್ತವೆ. ಅವು ಹೊರಹಾಕುವ ಸಲ್ಫೈಡು ನೀರಿಗೆ ಸೇರುತ್ತದೆ. ನೀರು ನಿಂತಷ್ಟೂ, ಹೂಳು ತುಂಬಿದಷ್ಟೂ, ಬಿಸಿಲು ಏರಿದಷ್ಟೂ ಇದರ ಪ್ರಮಾಣ ಹೆಚ್ಚು. ಏಪ್ರಿಲ್-ಮೇ ತಿಂಗಳ ಸೆಕೆಯಲ್ಲಿ ಗಟಾರದ ವಾಸನೆ ತಡೆಯಲಾಗದಷ್ಟು ಹೆಚ್ಚುವುದಕ್ಕೆ ಇದೂ ಒಂದು ಕಾರಣ.

ನೀರು ಎಲ್ಲಿ ಎತ್ತರದಿಂದ ಧುಮುಕುತ್ತದೋ, ತಿರುವಿನಲ್ಲಿ ಎಲ್ಲಿ ಕಲಕುತ್ತದೋ ಅಲ್ಲಿ ಸಲ್ಫೈಡು ಹೈಡ್ರೋಜನ್ ಸಲ್ಫೈಡ್ ಅನಿಲವಾಗಿ ಮೇಲೇಳುತ್ತದೆ. ಕೊಳೆತ ಮೊಟ್ಟೆಯ ವಾಸನೆ ಇದರದ್ದೇ. ಇಲ್ಲಿಂದ ಎರಡನೇ ಅಂಕ. ಪೈಪಿನ ಮಾಡು ಸದಾ ಬೆವರಿದಂತೆ ಒದ್ದೆಯಾಗಿರುತ್ತದೆ. ಹೊಸ ಕಾಂಕ್ರೀಟು ಸುಣ್ಣದಂತೆ ತೀಕ್ಷ್ಣ ಕ್ಷಾರ. ಅದರ ಪಿಎಚ್ ಪ್ರಮಾಣ 12ರಿಂದ 13. ಅಂತಹ ಗೋಡೆಯ ಮೇಲೆ ಈ ಬ್ಯಾಕ್ಟೀರಿಯಾಗಳು ಬದುಕಲಾರವು. ಆದರೆ ಅಂಗಾರಾಮ್ಲ ಮತ್ತು ಹೈಡ್ರೋಜನ್ ಸಲ್ಫೈಡ್ ಅನಿಲಗಳು ಗೋಡೆಯ ಹೊರಮೈಯ ಕ್ಷಾರವನ್ನು ನಿಧಾನವಾಗಿ ಇಳಿಸುತ್ತವೆ. ಪಿಎಚ್ 9ರ ಸುಮಾರಿಗೆ ಬಂದೊಡನೆ ಗಂಧಕವನ್ನು ತಿಂದು ಬದುಕುವ ಬ್ಯಾಕ್ಟೀರಿಯಾಗಳ ಮೊದಲ ಸಂಸಾರ ಅಲ್ಲಿ ನೆಲೆಸುತ್ತದೆ. ಅವು ಇನ್ನಷ್ಟು ಆಮ್ಲ ಮಾಡಿ, ತಮಗಿಂತ ಗಟ್ಟಿಗರಾದ ಇನ್ನೊಂದು ಜಾತಿಗೆ ದಾರಿ ಮಾಡಿಕೊಡುತ್ತವೆ. ಈ ಕೊನೆಯವು ಅನಿಲವನ್ನು ಗಂಧಕಾಮ್ಲವನ್ನಾಗಿ ಪರಿವರ್ತಿಸಿ, ಪಿಎಚ್ ಒಂದು-ಎರಡಕ್ಕೆ ಇಳಿದ ಆಮ್ಲದಲ್ಲಿಯೂ ಸುಖವಾಗಿ ಬಾಳುತ್ತವೆ.

ಗಂಧಕಾಮ್ಲ ಸಿಮೆಂಟಿನ ಸುಣ್ಣವನ್ನು ಜಿಪ್ಸಮ್ ಆಗಿ ಮಾರ್ಪಡಿಸುತ್ತದೆ. ಜಿಪ್ಸಮ್‌ಗೆ ಬಲವಿಲ್ಲ, ಬೆರಳಿನಿಂದ ಒತ್ತಿದರೆ ಕುಸಿಯುವ ಬಿಳಿ ಮುದ್ದೆ ಅದು. ಮುದ್ದೆ ಉದುರಿದಂತೆ ಒಳಗಿನ ಹೊಸ ಕಾಂಕ್ರೀಟು ಆಮ್ಲಕ್ಕೆ ಎದುರಾಗುತ್ತದೆ. ಲೆಕ್ಕ ಹಾಕಿದರೆ 34 ಗ್ರಾಂ ಅನಿಲ ಪೂರ್ತಿಯಾಗಿ ಆಮ್ಲವಾದಲ್ಲಿ 98 ಗ್ರಾಂ ಗಂಧಕಾಮ್ಲ ದೊರೆಯುತ್ತದೆ. ಅದು 100 ಗ್ರಾಂ ಸುಣ್ಣಕಲ್ಲನ್ನು ಮುಗಿಸಬಲ್ಲದು. ಪರಿಸ್ಥಿತಿ ತೀರಾ ಕೆಟ್ಟಿರುವ ಕಡೆ ವರ್ಷಕ್ಕೆ ಕೆಲವು ಮಿಲಿಮೀಟರಿನಷ್ಟು ಕಾಂಕ್ರೀಟು ಹೋಗುತ್ತದೆ. ವರ್ಷಕ್ಕೆ 3 ಮಿ.ಮೀ. ಎಂದು ಹಿಡಿದರೂ ಹತ್ತು ವರ್ಷಕ್ಕೆ 30 ಮಿ.ಮೀ. ಅಷ್ಟರೊಳಗೆ ಕಬ್ಬಿಣದ ಸರಳು ಹೊರಬಿದ್ದು ತುಕ್ಕು ಹಿಡಿದಿರುತ್ತದೆ. ಐವತ್ತು ವರ್ಷ ಬಾಳಬೇಕಾದ ಪೈಪು ಹದಿನೈದು-ಇಪ್ಪತ್ತು ವರ್ಷಕ್ಕೇ ಮಣ್ಣಿನ ಭಾರ ತಾಳದೆ ಕುಸಿಯುವುದು ಹೀಗೆ.

ಇದು ಹೊಸ ಸಮಸ್ಯೆಯಲ್ಲ

ಅಮೆರಿಕದ ಲಾಸ್ ಏಂಜಲೀಸ್ ನಗರದ ಹೊರಗಾಲುವೆಯಲ್ಲಿ ಸಿಮೆಂಟಿನ ಗಾರೆ ಕೊಳೆತುಹೋದ ವಿಚಾರ 1900ರಲ್ಲಿಯೇ ಎಂಜಿನಿಯರುಗಳ ಪತ್ರಿಕೆಯಲ್ಲಿ ವರದಿಯಾಗಿತ್ತು. ಬಹಳ ಕಾಲ ಇದನ್ನು ಕೇವಲ ರಾಸಾಯನಿಕ ಕ್ರಿಯೆ ಎಂದೇ ತಿಳಿಯಲಾಗಿತ್ತು. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ಗಟಾರಗಳಲ್ಲಿ ಸಂಶೋಧನೆ ನಡೆಸಿದ ಸಿ.ಡಿ. ಪಾರ್ಕರ್ ಅವರು 1945ರಲ್ಲಿ ಕರಗಿದ ಕಾಂಕ್ರೀಟಿನಿಂದ ಆಮ್ಲ ಮಾಡುವ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ತೋರಿಸಿದರು. ಅದಕ್ಕೆ ಅವರು ಇಟ್ಟ ಹೆಸರು ಥಯೋಬ್ಯಾಸಿಲಸ್ ಕಾಂಕ್ರೆಟಿವೋರಸ್; ಕಾಂಕ್ರೀಟು ಭಕ್ಷಕ ಎಂದು ಅದರ ಅರ್ಥ. ಅನಂತರ ಇದು ಮೊದಲೇ ಗೊತ್ತಿದ್ದ ಥಯೋಬ್ಯಾಸಿಲಸ್ ಥಯೋಆಕ್ಸಿಡನ್ಸ್ ಎಂಬ ಜಾತಿಯೇ ಎಂದು ತಿಳಿದುಬಂತು. 1980ರ ದಶಕದಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದ ಗಟಾರಗಳು ಕರಗತೊಡಗಿದಾಗ ಅಲ್ಲಿನ ವಿಜ್ಞಾನಿಗಳು ಪೈಪಿನೊಳಗಿನ ವಾತಾವರಣವನ್ನೇ ಪ್ರಯೋಗಾಲಯದಲ್ಲಿ ನಿರ್ಮಿಸಿ, ಬ್ಯಾಕ್ಟೀರಿಯಾಗಳ ಸಂಖ್ಯೆಗೂ ಸವೆತಕ್ಕೂ ಇರುವ ಸಂಬಂಧವನ್ನು ಸಾಧಿಸಿ ತೋರಿಸಿದರು.

ಕಾರ್ಖಾನೆಗಳ ಆಮ್ಲವೇ ಇದಕ್ಕೆಲ್ಲ ಕಾರಣ ಎಂದು ವಾದಿಸುವವರಿಗೆ ಲಾಸ್ ಏಂಜಲೀಸ್ ಪ್ರಾಂತದ ಇನ್ನೊಂದು ಅನುಭವ ಒಳ್ಳೆಯ ಉತ್ತರ. 1970ರ ದಶಕದ ಬಳಿಕ ಅಲ್ಲಿನ ಕಾರ್ಖಾನೆಗಳು ಗಟಾರಕ್ಕೆ ಲೋಹಗಳನ್ನು ಬಿಡದಂತೆ ಕಟ್ಟುನಿಟ್ಟಿನ ಕಾನೂನು ಜಾರಿಗೆ ಬಂತು. ನೀರು ಶುದ್ಧವಾಯಿತು, ಆದರೆ ಪೈಪಿನ ಸವೆತ ಕಡಿಮೆಯಾಗುವ ಬದಲು ಹೆಚ್ಚಿತು! ಆ ಲೋಹಗಳು ಸಲ್ಫೈಡನ್ನು ಹಿಡಿದಿಟ್ಟುಕೊಳ್ಳುತ್ತಿದ್ದವು, ಬ್ಯಾಕ್ಟೀರಿಯಾಗಳಿಗೂ ವಿಷವಾಗಿದ್ದವು. ಕಾರ್ಖಾನೆಯ ನೀರು ಬಿಡಬೇಕೆಂದು ಇದರ ಅರ್ಥವಲ್ಲ. ಪೈಪನ್ನು ಕರಗಿಸಲು ಮನೆಮನೆಯ ಬಚ್ಚಲು, ಕಕ್ಕಸು ಮತ್ತು ಅಡುಗೆ ಮನೆಯ ನೀರೇ ಸಾಕು ಎಂಬುದಷ್ಟೇ ಇದರ ತಾತ್ಪರ್ಯ. ಒಂದು ದೋಷವನ್ನು ಸರಿಪಡಿಸುವಾಗ ಇನ್ನೊಂದರ ಮೇಲೆ ಕಣ್ಣಿಡದಿದ್ದರೆ ಏನಾಗುತ್ತದೆ ಎಂಬ ಪಾಠವೂ ಇದರಲ್ಲಿದೆ.

ಕಡಲ ತೀರದ ನಗರಗಳ ಹೆಚ್ಚುವರಿ ಕಷ್ಟ

ಮುಂಬಯಿ ಮತ್ತು ಚೆನ್ನೈಯಂತಹ ಕಡಲ ತೀರದ ನಗರಗಳಿಗೆ ಈ ಕಾಟ ಒಂದು ಪಟ್ಟು ಹೆಚ್ಚು. ನೆಲ ಸಮತಟ್ಟಾಗಿರುವುದರಿಂದ ಪೈಪಿಗೆ ಸಾಕಷ್ಟು ಇಳಿಜಾರು ಸಿಗುವುದಿಲ್ಲ. ನೀರು ಮೆಲ್ಲಗೆ ಹರಿಯುತ್ತದೆ, ಹೂಳು ಕೂರುತ್ತದೆ, ಪಂಪಿಂಗ್ ಸ್ಟೇಶನ್ನಿಗೆ ಬಂದು ತಂಗುತ್ತದೆ. ಮುಂಬಯಿಯ ಒಳಚರಂಡಿಯನ್ನು ಕೊಲಾಬಾ, ವರ್ಲಿ, ಬಾಂದ್ರಾ, ವರ್ಸೋವಾ, ಮಲಾಡ್, ಭಾಂಡೂಪ್ ಮತ್ತು ಘಾಟ್ಕೋಪರ್ ಎಂದು ಏಳು ವಲಯಗಳಾಗಿ ವಿಭಜಿಸಲಾಗಿದೆ. ಜಾಲದ ಒಟ್ಟು ಉದ್ದ ಸುಮಾರು ಎರಡು ಸಾವಿರ ಕಿಲೋಮೀಟರ್. ಇಷ್ಟು ದೂರದಲ್ಲಿ ನೀರು ತಡೆದು ನಿಲ್ಲುವ ಜಾಗಗಳು ಅನೇಕ.

ಎರಡನೆಯದು ಸಮುದ್ರದ ನೀರು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 2,700 ಮಿಲಿಗ್ರಾಂ ಸಲ್ಫೇಟು ಇರುತ್ತದೆ. ತಗ್ಗು ಪ್ರದೇಶದ ಬಿರುಕು ಬಿಟ್ಟ ಪೈಪಿನ ಸಂದಿಗಳಿಂದ ಉಪ್ಪುನೀರು ಒಳನುಸುಳಿದರೆ ಬ್ಯಾಕ್ಟೀರಿಯಾಗಳಿಗೆ ಹಬ್ಬದೂಟ ಬಡಿಸಿದಂತೆಯೇ ಸರಿ. ಕಕ್ಕಸು ತೊಳೆಯಲು 1950ರ ದಶಕದಿಂದಲೂ ಸಮುದ್ರದ ನೀರನ್ನೇ ಉಪಯೋಗಿಸುತ್ತ ಬಂದಿರುವ ಹಾಂಗ್‌ಕಾಂಗ್ ನಗರ ಸಿಹಿನೀರಿನ ಉಳಿತಾಯದಲ್ಲಿ ಜಗತ್ತಿಗೆ ಮಾದರಿಯಾದರೂ, ಗಟಾರದ ಸಲ್ಫೈಡನ್ನು ಹತೋಟಿಯಲ್ಲಿಡಲು ಸತತವಾಗಿ ಶ್ರಮಿಸಬೇಕಾಗಿದೆ.

ಸಲ್ಫೇಟು ಬರುವ ಮತ್ತೊಂದು ದಾರಿ ಇನ್ನಷ್ಟು ಅಚ್ಚರಿಯದು. ಕೆಸರು ನೀರನ್ನು ತಿಳಿಗೊಳಿಸಲು ಪಟಿಕವನ್ನು ಆಡಿಸುವ ಪದ್ಧತಿ ಊರಿನ ಹಿರಿಯರಿಗೆಲ್ಲ ಗೊತ್ತು. ನಗರಗಳ ಕುಡಿಯುವ ನೀರಿನ ಶುದ್ಧೀಕರಣ ಕೇಂದ್ರಗಳೂ ಅದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡುತ್ತವೆ. ಅಲ್ಲಿ ಹಾಕುವ ಆಲಂ ಎಂದರೆ ಅಲ್ಯುಮಿನಿಯಂ ಸಲ್ಫೇಟ್. ಅದರ ಸಲ್ಫೇಟು ಕುಡಿಯುವ ನೀರಿನೊಂದಿಗೆ ಮನೆಗೆ ಬಂದು, ಮನೆಯಿಂದ ಗಟಾರಕ್ಕೆ ಇಳಿಯುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾನಿಲಯದ ಸಂಶೋಧಕರು 2014ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಲ್ಲಿನ ಆಗ್ನೇಯ ಭಾಗದ ಗಟಾರಗಳ ಸಲ್ಫೇಟಿನಲ್ಲಿ ಸುಮಾರು ಅರ್ಧದಷ್ಟು ಈ ಆಲಂನಿಂದಲೇ ಬಂದಿತ್ತು. ಸಲ್ಫೇಟು ಇಲ್ಲದ ಬೇರೆ ದ್ರಾವಣವನ್ನು ಉಪಯೋಗಿಸಿದರೆ ತಗಲುವ ಅಲ್ಪ ಖರ್ಚಿಗೆ ಹೋಲಿಸಿದಲ್ಲಿ ಪೈಪಿನ ಉಳಿತಾಯವೇ ದೊಡ್ಡದು ಎಂಬುದು ಅವರ ಅಭಿಪ್ರಾಯ. ಕುಡಿಯುವ ನೀರಿನ ವಿಭಾಗ ತನ್ನ ಹಣ ಉಳಿಸುತ್ತದೆ, ಒಳಚರಂಡಿ ವಿಭಾಗ ಅದರ ದಂಡ ತೆರುತ್ತದೆ. ಎರಡು ವಿಭಾಗಗಳೂ ಒಂದೇ ಮೇಜಿನ ಮುಂದೆ ಕುಳಿತು ಮಾತನಾಡದಿದ್ದರೆ ಇಂತಹ ನಷ್ಟ ಯಾವ ಬಜೆಟಿನಲ್ಲೂ ಕಾಣಿಸುವುದಿಲ್ಲ.

ಮದ್ದು ಎಲ್ಲಿದೆ?

ತಡೆಗಟ್ಟುವ ದಾರಿಗಳನ್ನು ನಾಲ್ಕಾಗಿ ವಿಂಗಡಿಸಬಹುದು. ಮೊದಲನೆಯದು, ಅನಿಲವೇ ಹುಟ್ಟದಂತೆ ನೋಡಿಕೊಳ್ಳುವುದು. ನೀರು ಹರಿಯುತ್ತಲೇ ಇರಬೇಕು. ಕೇಂದ್ರ ಸರಕಾರದ ಒಳಚರಂಡಿ ಕೈಪಿಡಿ ಆರಂಭದ ವರ್ಷಗಳಲ್ಲಿ ಗರಿಷ್ಠ ಹರಿವಿನ ಹೊತ್ತಿಗೆ ಸೆಕೆಂಡಿಗೆ ಕನಿಷ್ಠ 0.6 ಮೀಟರ್, ಪೂರ್ಣ ಬಳಕೆಗೆ ಬಂದ ಮೇಲೆ 0.8 ಮೀಟರ್ ವೇಗ ಇರಬೇಕೆಂದು ಸೂಚಿಸುತ್ತದೆ. ಇದು ಕಾಗದದ ಮೇಲೆ ಇದ್ದರೆ ಸಾಲದು. ಪೈಪು ಹಾಕುವಾಗ ಇಳಿಜಾರನ್ನು ಅಳೆದು ನೋಡಬೇಕು, ಆಮೇಲೆ ಹೂಳನ್ನು ಯಂತ್ರದಿಂದ ನಿಯಮಿತವಾಗಿ ತೆಗೆಯಬೇಕು. ಪಂಪಿನಿಂದ ಒತ್ತಿ ಕಳಿಸುವ ಉದ್ದನೆಯ ಪೈಪುಗಳಲ್ಲಿ ನೀರು ಗಂಟೆಗಟ್ಟಲೆ ಗಾಳಿಯಿಲ್ಲದೆ ಇರುವುದರಿಂದ ಅಲ್ಲಿ ಆಮ್ಲಜನಕವನ್ನೋ ಕ್ಯಾಲ್ಸಿಯಂ ನೈಟ್ರೇಟನ್ನೋ ಸೇರಿಸುವ ಪದ್ಧತಿ ಅನೇಕ ದೇಶಗಳಲ್ಲಿ ಇದೆ. ಕಬ್ಬಿಣದ ಲವಣ ಹಾಕಿದರೆ ಅದು ಸಲ್ಫೈಡನ್ನು ಹಿಡಿದು ಕಪ್ಪು ಗಸಿಯಾಗಿಸುತ್ತದೆ. ಮೆಗ್ನೀಷಿಯಂ ಹೈಡ್ರಾಕ್ಸೈಡ್ ಹಾಕಿದರೆ ನೀರಿನ ಕ್ಷಾರ ಹೆಚ್ಚಿ ಅನಿಲ ಮೇಲೇಳುವುದು ತಗ್ಗುತ್ತದೆ.

ಎರಡನೆಯದು, ಹುಟ್ಟಿದ ಅನಿಲ ಮೇಲೇಳದಂತೆ ಮಾಡುವುದು. ಒಂದು ಪೈಪಿನಿಂದ ಇನ್ನೊಂದಕ್ಕೆ ನೀರು ಜಲಪಾತದಂತೆ ಧುಮುಕಬಾರದು. ಪಂಪಿನ ಪೈಪು ಬಂದು ತೆರೆಯುವ ಮ್ಯಾನ್‌ಹೋಲ್‌ನಲ್ಲಿಯೇ ಸವೆತ ಅತಿ ಹೆಚ್ಚು ಎಂಬುದನ್ನು ಅನುಭವಿ ಎಂಜಿನಿಯರುಗಳು ಬಲ್ಲರು. ಮೂರನೆಯದು ಗಾಳಿಯಾಟ. ಗೋಡೆ ಒಣಗಿದ್ದರೆ ಬ್ಯಾಕ್ಟೀರಿಯಾ ಬೆಳೆಯಲಾರದು. ವಾಸನೆ ಬರುತ್ತದೆಂದು ಮುಚ್ಚಳಗಳಿಗೆಲ್ಲ ಸಿಮೆಂಟು ಮೆತ್ತಿ ಬಿಗಿದುಬಿಟ್ಟರೆ ಮೇಲಿನವರ ಮೂಗಿಗೆ ನೆಮ್ಮದಿ, ಒಳಗಿನ ಕಾಂಕ್ರೀಟಿಗೆ ಮರಣ. ಗಾಳಿಯನ್ನು ಹೊರಗೆಳೆದು ಇದ್ದಿಲಿನ ಸೋಸುಕದ ಮೂಲಕ ವಾಸನೆ ತೆಗೆದು ಬಿಡುವುದು ಸರಿಯಾದ ಕ್ರಮ.

ನಾಲ್ಕನೆಯದು ಪೈಪಿನ ವಸ್ತು. ಇಲ್ಲಿಯೇ ಒಂದು ದೊಡ್ಡ ತಪ್ಪು ತಿಳಿವಳಿಕೆ ಇದೆ. ಸಲ್ಫೇಟು ನಿರೋಧಕ ಸಿಮೆಂಟು ಹಾಕಿದ್ದೇವೆ, ಇನ್ನೇನು ಭಯ ಎಂದು ಗುತ್ತಿಗೆದಾರರು ಹೇಳುವುದುಂಟು. ಆ ಸಿಮೆಂಟು ಮಣ್ಣಿನ, ನೀರಿನ ಸಲ್ಫೇಟಿಗೆ ನಿರೋಧಕವೇ ಹೊರತು ಆಮ್ಲಕ್ಕಲ್ಲ. ಗಂಧಕಾಮ್ಲದ ಎದುರು ಅದೂ ಸಾಮಾನ್ಯ ಸಿಮೆಂಟಿನಂತೆಯೇ ಕರಗುತ್ತದೆ. ಸಣ್ಣ ಪೈಪುಗಳಿಗೆ ಸುಟ್ಟ ಜೇಡಿಮಣ್ಣಿನ ಸ್ಟೋನ್‌ವೇರ್, ಪಿವಿಸಿ ಅಥವಾ ಎಚ್‌ಡಿಪಿಇ ಪೈಪು ಲೇಸು. ಆಮ್ಲ ಇವುಗಳ ಗೊಡವೆಗೆ ಹೋಗುವುದಿಲ್ಲ. ದೊಡ್ಡ ಪೈಪುಗಳಿಗೆ ಕಾಂಕ್ರೀಟು ಬೇಕೇ ಬೇಕೆಂದಾದರೆ ಒಳಮೈಗೆ ಪ್ಲಾಸ್ಟಿಕ್ ಹಾಳೆಯ ಅಸ್ತರನ್ನು ಎರಕದಲ್ಲಿಯೇ ಸೇರಿಸಬಹುದು. ಕ್ಯಾಲ್ಸಿಯಂ ಅಲ್ಯುಮಿನೇಟ್ ಸಿಮೆಂಟಿನ ಲೇಪ ಇನ್ನೊಂದು ದಾರಿ. ದಕ್ಷಿಣ ಆಫ್ರಿಕಾದ ವರ್ಜೀನಿಯಾ ಎಂಬ ಊರಿನ ಗಟಾರದಲ್ಲಿ ಬಗೆಬಗೆಯ ಪೈಪುಗಳನ್ನು ವರ್ಷಗಟ್ಟಲೆ ಇಟ್ಟು ನಡೆಸಿದ ಪರೀಕ್ಷೆಯಲ್ಲಿ ಅದು ಸಾಮಾನ್ಯ ಸಿಮೆಂಟಿಗಿಂತ ಉತ್ತಮ ಎಂದು ಕಂಡುಬಂದಿದೆ. ಅದೇ ದೇಶದಲ್ಲಿ ಕಾಂಕ್ರೀಟಿಗೆ ಕಪ್ಪು ಜಲ್ಲಿಯ ಬದಲು ಸುಣ್ಣಕಲ್ಲು ಅಥವಾ ಡೋಲೊಮೈಟ್ ಜಲ್ಲಿ ಹಾಕುವ ರೂಢಿಯೂ ಇದೆ. ಗಟ್ಟಿ ಜಲ್ಲಿಯನ್ನು ಆಮ್ಲ ಮುಟ್ಟದು. ಸುತ್ತಲ ಸಿಮೆಂಟು ಕರಗಿ ಕಲ್ಲು ಹಾಗೆಯೇ ಉದುರುತ್ತದೆ. ಸುಣ್ಣಕಲ್ಲಾದರೆ ತಾನೇ ಆಮ್ಲಕ್ಕೆ ಆಹುತಿಯಾಗಿ ಸಿಮೆಂಟಿನ ಆಯಸ್ಸನ್ನು ಹೆಚ್ಚಿಸುತ್ತದೆ.

ಈಗಾಗಲೇ ಸವೆದ ಪೈಪಿಗೂ ದಾರಿ ಇದೆ. ರಾಳದಲ್ಲಿ ನೆನೆಸಿದ ಬಟ್ಟೆಯ ಕೊಳವೆಯನ್ನು ಹಳೆಯ ಪೈಪಿನೊಳಗೆ ತೂರಿಸಿ ಗಟ್ಟಿಯಾಗಿಸುವ ವಿಧಾನವನ್ನು 1971ರಲ್ಲಿಯೇ ಲಂಡನ್ನಿನ ಇಟ್ಟಿಗೆಯ ಗಟಾರವೊಂದರಲ್ಲಿ ಪ್ರಯೋಗಿಸಲಾಗಿತ್ತು. ರಸ್ತೆ ಅಗೆಯದೆ ಪೈಪಿನೊಳಗೆ ಹೊಸ ಪೈಪು ಹುಟ್ಟುತ್ತದೆ. ಆದರೆ ಈ ಉಪಾಯ ಪೈಪು ಕುಸಿಯುವ ಮುಂಚೆ ಮಾತ್ರ ಸಾಧ್ಯ. ಅದಕ್ಕಾಗಿ ಕ್ಯಾಮರಾ ಇಳಿಸಿ ಕಾಲಕಾಲಕ್ಕೆ ಪರೀಕ್ಷಿಸಬೇಕು.

ಅಗ್ಗದ ಟೆಂಡರಿನ ಲೆಕ್ಕ

ಇಷ್ಟೆಲ್ಲ ಗೊತ್ತಿದ್ದೂ ಬರಿಮೈಯ ಕಾಂಕ್ರೀಟ್ ಪೈಪು ಯಾಕೆ ನೆಲ ಸೇರುತ್ತದೆ? ಅದು ಹಾಕುವ ದಿನ ಅಗ್ಗ. ಟೆಂಡರಿನಲ್ಲಿ ಗೆಲ್ಲುವುದು ಹಾಕುವ ದಿನದ ಬೆಲೆ, ಬಾಳುವ ವರ್ಷಗಳ ಬೆಲೆಯಲ್ಲ. ಅಸ್ತರು ಹಾಕಿದ ಪೈಪು ತುಸು ದುಬಾರಿಯೆಂದು ಬಿಟ್ಟುಕೊಟ್ಟ ಹಣ ಇಪ್ಪತ್ತು ವರ್ಷದ ಬಳಿಕ ರಸ್ತೆ ಅಗೆತ, ವಾಹನ ಸಂಚಾರದ ತಡೆ, ಪಕ್ಕದ ನೀರಿನ ಪೈಪಿಗೆ ಹಾನಿ, ವಿದ್ಯುತ್ ಕೇಬಲ್ಲಿನ ದುರಸ್ತಿ ಎಂದು ಹಲವು ಪಟ್ಟಾಗಿ ಹೊರಗೆ ಹೋಗುತ್ತದೆ. ಪೈಪು ಹಾಕಿದ ಅಧಿಕಾರಿ ಆಗ ನಿವೃತ್ತರಾಗಿರುತ್ತಾರೆ. ಗುತ್ತಿಗೆದಾರರ ಹೊಣೆಯ ಅವಧಿ ಎಂದೋ ಮುಗಿದಿರುತ್ತದೆ. ಬಿಲ್ಲು ಬರುವುದು ತೆರಿಗೆ ಕಟ್ಟುವವನಿಗೆ.

ಎಲ್ಲ ಪೈಪಿಗೂ ದುಬಾರಿ ಅಸ್ತರು ಹಾಕಲು ಪಾಲಿಕೆಗಳಲ್ಲಿ ಹಣ ಎಲ್ಲಿದೆ ಎಂಬ ಆಕ್ಷೇಪ ಸಹಜ ಮತ್ತು ನ್ಯಾಯವಾದದ್ದೇ. ಆದರೆ ಎಲ್ಲ ಪೈಪಿಗೂ ಅದು ಬೇಕಾಗಿಲ್ಲ. ಒಳ್ಳೆಯ ಇಳಿಜಾರಿನಲ್ಲಿ ತಾಜಾ ನೀರು ಓಡುವ ಪೈಪಿಗೆ ಸಾದಾ ಕಾಂಕ್ರೀಟು ಸಾಕು. ಪಂಪಿನ ಪೈಪು ತೆರೆಯುವ ಜಾಗ, ನೀರು ಧುಮುಕುವ ಮ್ಯಾನ್‌ಹೋಲ್, ಇಳಿಜಾರಿಲ್ಲದ ಉದ್ದನೆಯ ಮುಖ್ಯ ಪೈಪು, ಉಪ್ಪುನೀರು ನುಸುಳುವ ತಗ್ಗು - ರೋಗ ಬರುವ ಈ ಸ್ಥಳಗಳು ನಕಾಶೆಯ ಮೇಲೆ ಮೊದಲೇ ಗೊತ್ತಾಗುತ್ತವೆ. ಅಲ್ಲಿಗಷ್ಟೇ ಖರ್ಚು ಮಾಡಿದರೆ ಸಾಕು.

ಪೈಪಿಗಿಂತ ಮನುಷ್ಯ ದೊಡ್ಡವನು

ಹಣದ ಲೆಕ್ಕಕ್ಕಿಂತ ಮಿಗಿಲಾದ ಲೆಕ್ಕವೊಂದಿದೆ. ಪೈಪಿನ ಮಾಡನ್ನು ಕರಗಿಸುವ ಅದೇ ಅನಿಲ, ಗಟಾರಕ್ಕೆ ಇಳಿದ ಕಾರ್ಮಿಕನ ಪ್ರಾಣ ತೆಗೆಯುವ ಅನಿಲವೂ ಹೌದು. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಒಂದು ಭಾಗಕ್ಕಿಂತ ಕಡಿಮೆ ಇದ್ದರೂ ಮೂಗಿಗೆ ಗೊತ್ತಾಗುವ ಹೈಡ್ರೋಜನ್ ಸಲ್ಫೈಡ್, ನೂರು ಭಾಗದ ಸುಮಾರಿಗೆ ಏರಿದಾಗ ಮೂಗಿನ ಶಕ್ತಿಯನ್ನೇ ಕಸಿಯುತ್ತದೆ. ವಾಸನೆ ಹೋಯಿತು, ಇನ್ನು ಇಳಿಯಬಹುದು ಎಂದು ತಿಳಿದವನು ಸಾವಿನ ಬಾಯಿಗೆ ಇಳಿಯುತ್ತಾನೆ. ಐನೂರು-ಏಳುನೂರು ಭಾಗ ದಾಟಿದರೆ ಕೆಲವೇ ಉಸಿರುಗಳಲ್ಲಿ ಪ್ರಜ್ಞೆ ತಪ್ಪಿ ಸಾವು ಬರಬಹುದು. ಒಬ್ಬ ಬಿದ್ದನೆಂದು ಎತ್ತಲು ಇಳಿದ ಇನ್ನೊಬ್ಬನೂ, ಅವನ ಹಿಂದೆ ಮೂರನೆಯವನೂ ಹೆಣವಾಗಿ ಬಂದ ಸುದ್ದಿಗಳನ್ನು ಪತ್ರಿಕೆಗಳಲ್ಲಿ ಓದದವರು ಯಾರು?

2013ರ ಕಾಯಿದೆಯ ಪ್ರಕಾರ ಗಟಾರ ಅಥವಾ ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಶುಚಿ ಕಾರ್ಯಕ್ಕೆ ಯಾರನ್ನೂ ನೇರವಾಗಿಯಾಗಲಿ, ಗುತ್ತಿಗೆದಾರರ ಮೂಲಕವಾಗಲಿ ನೇಮಿಸುವಂತಿಲ್ಲ. ಮೊದಲ ಸಲದ ಅಪರಾಧಕ್ಕೆ ಎರಡು ವರ್ಷದ ತನಕ ಜೈಲು ಅಥವಾ ಎರಡು ಲಕ್ಷ ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಹೌಸಿಂಗ್ ಸೊಸೈಟಿಗಳಿಗೂ ಹೊಟೇಲುಗಳಿಗೂ ಇದು ಅನ್ವಯಿಸುತ್ತದೆ ಎಂಬುದು ಅನೇಕ ಪದಾಧಿಕಾರಿಗಳಿಗೆ ತಿಳಿದಂತಿಲ್ಲ. 1993ರಿಂದ ಗಟಾರದಲ್ಲಿ ಸತ್ತವರ ಕುಟುಂಬಗಳಿಗೆ ತಲಾ 10 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು ಸುಪ್ರೀಂ ಕೋರ್ಟ್ 2014ರ ಮಾರ್ಚ್‌ನಲ್ಲಿ ಆದೇಶಿಸಿತು. 2023ರ ಅಕ್ಟೋಬರ್‌ನಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. 2025ರ ಜನವರಿಯಲ್ಲಿ ದಿಲ್ಲಿ, ಮುಂಬಯಿ, ಕೋಲ್ಕತಾ, ಚೆನ್ನೈ, ಬೆಂಗಳೂರು ಮತ್ತು ಹೈದರಾಬಾದ್ ನಗರಗಳಲ್ಲಿ ಮನುಷ್ಯರನ್ನು ಇಳಿಸಿ ಗಟಾರ ಶುಚಿಗೊಳಿಸುವುದನ್ನು ನಿಲ್ಲಿಸುವಂತೆ ನಿರ್ದೇಶಿಸಿತು. ಹೊರನಾಡ ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವ ನಗರಗಳೂ ಈ ಪಟ್ಟಿಯಲ್ಲಿವೆ.

ಈ ಹೋರಾಟವನ್ನು ದೇಶದ ಮನೆಮಾತಾಗಿಸಿದವರು ಕರ್ನಾಟಕದ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್. ಸಫಾಯಿ ಕರ್ಮಚಾರಿ ಆಂದೋಲನದ ಮೂಲಕ ಅವರು ಮಾಡಿದ ಕೆಲಸಕ್ಕೆ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಪ್ರಶಸ್ತಿ ಬಂದಾಗ ಹೆಮ್ಮೆಪಟ್ಟವರು ಅವರ ಮಾತಿನ ತಿರುಳನ್ನು ಆಚರಣೆಗೆ ತರುವುದೂ ಅಷ್ಟೇ ಮುಖ್ಯ. ಪೈಪಿನಲ್ಲಿ ಸಲ್ಫೈಡು ಹುಟ್ಟದಂತೆ ತಡೆದರೆ ಕಾಂಕ್ರೀಟಿನ ಜೊತೆಗೆ ಮನುಷ್ಯನೂ ಉಳಿಯುತ್ತಾನೆ. ಕಟ್ಟಿಕೊಳ್ಳದ, ಸವೆಯದ, ಕುಸಿಯದ ಪೈಪಿಗೆ ಯಾರನ್ನೂ ಇಳಿಸಬೇಕಾದ ಪ್ರಮೇಯವೇ ಬರುವುದಿಲ್ಲ.

ಸಂಘಗಳು ಮಾಡಬಹುದಾದದ್ದು

ಕನ್ನಡ ಸಂಘಗಳಿಗೂ ಗಟಾರಕ್ಕೂ ಏನು ಸಂಬಂಧ ಎಂದು ಕೆಲವರು ಹುಬ್ಬೇರಿಸಬಹುದು. ಯಕ್ಷಗಾನ, ನಾಟಕ, ರಾಜ್ಯೋತ್ಸವ, ಪ್ರತಿಭಾ ಪುರಸ್ಕಾರ ಇವೆಲ್ಲ ಶ್ಲಾಘನೀಯ, ನಡೆಯಲೇಬೇಕು. ಆದರೆ ಸಂಘದ ಸದಸ್ಯರು ಸಭಾಗೃಹದಲ್ಲಿ ಮಾತ್ರ ಕನ್ನಡಿಗರು, ಹೊರಗೆ ಬಂದರೆ ಯಾರೋ ಎಂಬಂತಿರಬಾರದು. ಅವರು ಸೊಸೈಟಿಗಳ ಕಾರ್ಯದರ್ಶಿಗಳು, ಕೋಶಾಧಿಕಾರಿಗಳು, ಹೊಟೇಲು ಉದ್ಯಮಿಗಳು, ಎಂಜಿನಿಯರುಗಳು, ವಕೀಲರು. ಅವರವರ ಜಾಗದಲ್ಲಿಯೇ ಮಾಡಬಹುದಾದ ಕೆಲಸ ಸಾಕಷ್ಟಿದೆ.

ಮುಂಬಯಿಯ ಹೊಟೇಲು ಉದ್ಯಮದಲ್ಲಿ ತುಳು-ಕನ್ನಡಿಗರ ಸಾಧನೆ ಎಲ್ಲರಿಗೂ ತಿಳಿದದ್ದೇ. ಅಡುಗೆ ಮನೆಯ ಎಣ್ಣೆ-ಜಿಡ್ಡು ಗಟಾರಕ್ಕೆ ಸೇರಿದರೆ ಪೈಪಿನಲ್ಲಿ ಹೆಪ್ಪುಗಟ್ಟಿ ನೀರು ಹಿಂದೆ ನಿಲ್ಲುತ್ತದೆ. ಉಳಿದ ಅನ್ನ-ಸಾಂಬಾರು ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ಜಿಡ್ಡು ಹಿಡಿಯುವ ತೊಟ್ಟಿಯನ್ನು ಲೈಸೆನ್ಸಿಗಾಗಿ ಕಟ್ಟಿ ಮರೆತುಬಿಡದೆ, ನಿಯಮಿತವಾಗಿ ಯಂತ್ರದಿಂದ ತೆಗೆಸಿ ದಿನಾಂಕ ಬರೆದಿಡುವ ಪದ್ಧತಿಯನ್ನು ಹೊಟೇಲು ಬಾಂಧವರು ಆರಂಭಿಸಿದರೆ ಇತರರಿಗೂ ಮಾದರಿಯಾದೀತು.

ಸೊಸೈಟಿಗಳು ಮಳೆಗಾಲಕ್ಕೆ ಮುನ್ನ ಒಳಾಂಗಣದ ಚೇಂಬರುಗಳ ಮುಚ್ಚಳ ತೆಗೆಸಿ ಮೇಲಿನಿಂದಲೇ ಟಾರ್ಚು ಹಾಕಿ ನೋಡಬೇಕು. ಮುಚ್ಚಳದ ಅಡಿಯಲ್ಲಿ ಬಿಳಿ ಮುದ್ದೆ, ಹೊರಬಿದ್ದ ಸರಳು, ಉದುರಿದ ಜಲ್ಲಿ ಕಂಡರೆ ರೋಗ ಹಿಡಿದಿದೆ ಎಂದರ್ಥ. ಸೆಪ್ಟಿಕ್ ಟ್ಯಾಂಕಿನ ಸ್ಲ್ಯಾಬಿಗೂ ಇದೇ ಕಾಯಿಲೆ ಬರುತ್ತದೆ. ಮಕ್ಕಳು ಆಡುವುದು, ವಾಹನ ನಿಲ್ಲಿಸುವುದು ಅದರ ಮೇಲೆಯೇ. ನೋಡುವವರು ತಲೆ ಒಳಗೆ ಹಾಕಬಾರದು, ಯಾರನ್ನೂ ಇಳಿಸಲೂಬಾರದು. ಸಂಶಯ ಬಂದರೆ ಕ್ಯಾಮರಾ ಇಳಿಸುವ ಸಂಸ್ಥೆಗಳಿವೆ. ರೀಡೆವಲಪ್‌ಮೆಂಟ್ ಕರಾರಿಗೆ ಸಹಿ ಹಾಕುವ ಮುನ್ನ ಕಾರ್ಪೆಟ್ ಏರಿಯಾ, ಪಾರ್ಕಿಂಗ್, ಕಾರ್ಪಸ್ ಫಂಡಿನ ಜೊತೆಗೆ ನೆಲದಡಿಯ ಪೈಪು ಯಾವುದು, ಇಳಿಜಾರು ಎಷ್ಟು, ಚೇಂಬರಿನ ಒಳಮೈಗೆ ಯಾವ ಲೇಪ ಎಂಬ ಮೂರು ಪ್ರಶ್ನೆಗಳನ್ನೂ ಸೇರಿಸಲಿ. ಆ ಹಂತದಲ್ಲಿ ಇದಕ್ಕೆ ತಗಲುವ ಹೆಚ್ಚಿನ ಖರ್ಚು ಕಟ್ಟಡದ ಒಟ್ಟು ಖರ್ಚಿನಲ್ಲಿ ಲೆಕ್ಕಕ್ಕೇ ಬಾರದಷ್ಟು ಸಣ್ಣದು.

ವಾರ್ಡ್ ಕಚೇರಿಗೆ ಮನವಿ ಕೊಡುವಾಗ ಬರೀ ‘ವಾಸನೆ ಬರುತ್ತಿದೆ’ ಎಂದು ಬರೆದರೆ ಬ್ಲೀಚಿಂಗ್ ಪೌಡರ್ ಉದುರಿಸಿ ಹೋಗುತ್ತಾರೆ. ಈ ರಸ್ತೆಯ ಪೈಪಿಗೆ ಕೊನೆಯ ಸಲ ಕ್ಯಾಮರಾ ಇಳಿಸಿದ್ದು ಯಾವಾಗ, ಹೊಸ ಕಾಮಗಾರಿಯ ಟೆಂಡರಿನಲ್ಲಿ ಆಮ್ಲ ನಿರೋಧಕ ಅಸ್ತರಿನ ಷರತ್ತು ಇದೆಯೇ, ಶುಚಿ ಕಾರ್ಯಕ್ಕೆ ಯಂತ್ರ ಬರುತ್ತದೆಯೇ ಅಥವಾ ಮನುಷ್ಯ ಇಳಿಯುತ್ತಾನೆಯೇ ಎಂದು ಲಿಖಿತವಾಗಿ ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ. ಮಾಹಿತಿ ಹಕ್ಕು ಕಾಯಿದೆ 2005ರಿಂದಲೇ ಜನರ ಕೈಯಲ್ಲಿದೆ. ಒಂದು ಸಂಘದ ಲೆಟರ್‌ಹೆಡ್ಡಿನಲ್ಲಿ ಹೋದ ಪತ್ರಕ್ಕೆ ಒಬ್ಬನ ಪತ್ರಕ್ಕಿಂತ ತೂಕ ಹೆಚ್ಚು ಎಂಬುದನ್ನು ಹೇಳಬೇಕಾಗಿಲ್ಲ. ಸಂಘಗಳಲ್ಲಿರುವ ಎಂಜಿನಿಯರುಗಳು ವರ್ಷಕ್ಕೊಂದು ಸಂಜೆ ಈ ವಿಷಯದ ಮಾಹಿತಿ ಶಿಬಿರ ನಡೆಸಿಕೊಟ್ಟರೆ ಸದಸ್ಯರಿಗೆ ನಿಜವಾದ ಉಪಕಾರವಾದೀತು.

ಊರಿನಲ್ಲಿ ಮಳೆಗಾಲಕ್ಕೆ ಮುಂಚೆ ಮಾಡಿನ ಹಂಚು ಸರಿಪಡಿಸುವುದು ಹಿರಿಯರು ತಪ್ಪದೆ ಪಾಲಿಸುತ್ತ ಬಂದ ಕ್ರಮ. ಸೋರಿದ ಮೇಲೆ ಹತ್ತುವವನನ್ನು ಯಾರೂ ಜಾಣನೆಂದು ಕರೆಯುತ್ತಿರಲಿಲ್ಲ. ಮಹಾನಗರದ ನೆಲದಡಿಯಲ್ಲಿಯೂ ಒಂದು ಮಾಡು ಇದೆ. ಅದು ಸೋರುವುದಿಲ್ಲ, ಕರಗುತ್ತದೆ. ಶಬ್ದ ಮಾಡುವುದಿಲ್ಲ, ವಾಸನೆಯ ಮೂಲಕ ಮಾತ್ರ ಕೂಗಿ ಹೇಳುತ್ತದೆ. ಆ ಕೂಗು ಕೇಳಿದ ದಿನವೇ ಒಂದು ಪತ್ರ ಬರೆಯುವುದು ಸೊಸೈಟಿಯ, ಸಂಘದ ಪದಾಧಿಕಾರಿಗಳ ಕರ್ತವ್ಯ. ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಲಿಫ್ಟಿನ ಕೆಳಗೆ, ಪಾರ್ಕಿಂಗಿನ ಮೇಲೆ, ಗಟಾರದ ಪೈಪಿಗೂ ಒಂದು ಸಾಲು ಸಿಗಲಿ.